ಎಡಗೈ ಸಹಿ, ಮೆಷಿನ್ ಸಹಿ, ಮತ್ತೆ ಓದಕ್ಕಾಗದ ಒಂದು ಪದ

ಚರ್ಚಿಲ್ ಸ್ವಂತ ಕೈಯಲ್ಲಿ ಬರೆದ ಕಾಗದ ನನ್ನದಾಯ್ತು ಅಂತ ಒಂದು ರಾತ್ರಿ ಪೂರ್ತಿ ನಿದ್ದೆ ಇಲ್ದೆ ಕಳೆದಿದ್ದೀನಿ. ಆನ್‌ಲೈನ್ ಹರಾಜು, ಕೊನೇ ಎರಡು ನಿಮಿಷ, ಎದುರಾಳಿ ಯಾರೋ ಒಬ್ಬ ಬಿಡ್ತಾನೇ ಇಲ್ಲ, ನಾನೂ ಬಿಡ್ಲಿಲ್ಲ. ಮೂರು ವಾರ ಆದ್ಮೇಲೆ ಪಾರ್ಸೆಲ್ ಬಂತು. ಅಂಗೈ ಅಗಲದ ದಪ್ಪ ಕಾಗದ, ಅದರ ಮೇಲೆ ಓರೆಯಾಗಿ ಮೂರ್ನಾಲ್ಕು ಸಾಲು, ನಿಮ್ಮ ಶುಭಾಶಯದಿಂದ ಬಹಳ ಸಂತೋಷ ಆಯ್ತು ಅನ್ನೋ ಥರದ್ದು, ಕೆಳಗೆ ಸಹಿ. ಟೇಬಲ್ ಲ್ಯಾಂಪ್ ಕೆಳಗೆ ಇಟ್ಕೊಂಡು ಭೂತಗನ್ನಡಿ ಹಿಡಿದು ನೋಡ್ದೆ. ನೋಡ್ತಾ ನೋಡ್ತಾ ಹೊಟ್ಟೆಲಿ ಏನೋ ಒಂಥರಾ ಆಯ್ತು.

ಇಂಕ್ ಪೆನ್ನಲ್ಲಿ ಬರೆದ್ರೆ ಒಂದು ಗೆರೆ ಇನ್ನೊಂದು ಗೆರೆನ ದಾಟೋ ಕಡೆ ಮಸಿ ಎರಡು ಪದರ ಆಗಿ ಗಾಢ ಆಗುತ್ತೆ, ತಿರುವಿನಲ್ಲಿ ಕೈ ನಿಧಾನ ಆದಾಗ ಅಲ್ಲಿ ಸ್ವಲ್ಪ ಮಸಿ ನಿಲ್ಲುತ್ತೆ, ಗೆರೆ ಮುಗಿಯೋ ಕಡೆ ಬಾಲದ ಥರ ತೆಳ್ಳಗಾಗುತ್ತೆ. ಇದರಲ್ಲಿ ಎಲ್ಲಾ ಕಡೆ ಒಂದೇ ಕಪ್ಪು. ಹಿಂದೆ ತಿರುಗಿಸಿ ಬೆರಳಾಡಿಸಿದ್ರೆ ನಿಬ್ಬು ಒತ್ತಿದ ಗುರುತೇ ಇಲ್ಲ. ಅಚ್ಚು ಹಾಕಿದ್ದು. ಆಮೇಲೆ ಹುಡುಕಿದಾಗ ಗೊತ್ತಾಯ್ತು, ಯುದ್ಧ ಮುಗಿದ ಮೇಲೆ ಆ ಮನುಷ್ಯನಿಗೆ ಬರ್ತಿದ್ದ ಶುಭಾಶಯಗಳಿಗೆ ಒಂದೊಂದಕ್ಕೂ ಉತ್ತರ ಬರೆಯೋದು ಆಗದ ಕೆಲಸ ಅಂತ, ಒಂದು ಸಲ ಕೈಯಲ್ಲಿ ಬರೆದು ಅದನ್ನೇ ಕಂತೆಗಟ್ಟಲೆ ಪ್ರಿಂಟ್ ಹಾಕಿಸಿ ಕಳಿಸ್ತಾ ಇದ್ರಂತೆ. ಹೆಸರಾಂತ ಜನರ ಕಾಗದ, ಸಹಿ ಕೂಡಿಡೋ ಈ ಹವ್ಯಾಸಕ್ಕೆ ಹೊಸದಾಗಿ ಬಂದೋರು ಬೀಳೋ ಗುಂಡಿಗಳಲ್ಲಿ ಇದು ಮೊದಲನೇದು, ನಾನು ಬಹಳ ಶ್ರದ್ಧೆಯಿಂದ ಬಿದ್ದೆ. ಮಾರಿದೋನು ಸುಳ್ಳು ಹೇಳಿದ್ದ ಅಂತಾನೂ ಹೇಳಕ್ಕಾಗಲ್ಲ, "ಚರ್ಚಿಲ್ ಕೈಬರಹದ ಧನ್ಯವಾದ ಪತ್ರ" ಅಂತ ಹಾಕಿದ್ದ, ಕೈಬರಹ ಅವರದೇ ತಾನೆ! ಅದನ್ನ ಈಗಲೂ ಫ್ರೇಮ್ ಹಾಕಿಸಿ ಕಣ್ಣೆದುರಿಗೇ ಇಟ್ಕೊಂಡಿದ್ದೀನಿ. ಹರಾಜಲ್ಲಿ ಬೆರಳು ತುರಿಸಿದಾಗ ಒಂದು ಸಲ ಅದರ ಕಡೆ ನೋಡ್ತೀನಿ.

ನಾನು ಕೂಡಿಡೋದು ನೇವಿಯೋರ ಮತ್ತೆ ರಾಜಕಾರಣಿಗಳ ಕಾಗದ, ಈ ಎರಡೇ ಯಾಕೆ ಅಂತ ಕೇಳೋರಿದ್ದಾರೆ. ಸಿನಿಮಾ ತಾರೆಯರದ್ದು, ಆಟಗಾರರದ್ದು ಸಹಿ ಸಿಗೋದು ಸುಲಭ, ಆದ್ರೆ ಅವರು ಕಾಗದ ಬರೆಯಲ್ಲ, ಫೋಟೋ ಮೇಲೆ ಗೀಚ್ತಾರೆ. ಹಡಗಿನೋರ ಕಥೆ ಬೇರೆ. ತಂತಿ, ರೇಡಿಯೋ ಯಾವುದೂ ಇಲ್ಲದ ಕಾಲದಲ್ಲಿ ತಿಂಗಳುಗಟ್ಟಲೆ ನೀರಿನ ಮೇಲಿರೋ ಕ್ಯಾಪ್ಟನ್‌ಗೆ ಹಗ್ಗ ಬೇಕಂದ್ರೂ ಕಾಗದ, ಹಾಯಿ ಹರಿದ್ರೂ ಕಾಗದ, ಜಗಳ ಆದ್ರೂ ಕಾಗದ, ಗೆದ್ರೂ ಕಾಗದ. ಅದೂ ಒಂದಲ್ಲ, ಹಡಗು ಮುಳುಗಿದ್ರೆ ಅಥವಾ ಶತ್ರು ಕೈಗೆ ಸಿಕ್ರೆ ಅಂತ ಮುಖ್ಯವಾದ ಕಾಗದಗಳನ್ನ ಎರಡು ಮೂರು ಪ್ರತಿ ಮಾಡಿ ಬೇರೆ ಬೇರೆ ಹಡಗಲ್ಲಿ ಕಳಿಸೋರು, ಪ್ರತಿಯೊಂದಕ್ಕೂ ಸಹಿ. ಹಾಗಾಗಿ "ಡ್ಯೂಪ್ಲಿಕೇಟ್" ಅಂತ ಮೇಲೆ ಬರೆದಿದ್ರೆ ಅದು ನಕಲಿ ಅಂತಲ್ಲ, ಅದೂ ಅಸಲಿನೇ, ಎರಡನೇ ಅಸಲಿ. ರಾಜಕಾರಣಿಗಳೂ ಅಷ್ಟೇ, ಕಾಗದ ಬರೆಯೋದೇ ಅವರ ಕಸುಬು, ಶಿಫಾರಸು, ನಯವಾದ ನಿರಾಕರಣೆ, ನಯವಲ್ಲದ ರಾಜೀನಾಮೆ.

ಮತ್ತೆ ಈ ಎರಡು ಲೋಕ ನಾವು ಅಂದ್ಕೊಂಡಷ್ಟು ದೂರ ಇಲ್ಲ. ಅಮೆರಿಕದಲ್ಲಿ ಕೆನಡಿ, ಜಾನ್ಸನ್, ನಿಕ್ಸನ್, ಫೋರ್ಡ್, ಕಾರ್ಟರ್, ಅಂದ್ರೆ 1961ರಿಂದ 1981ರ ತನಕ ಸಾಲಾಗಿ ಐದು ಜನ ಅಧ್ಯಕ್ಷರೂ ನೇವಿ ಯೂನಿಫಾರ್ಮ್ ಹಾಕಿದ್ದೋರೇ. ಅದಕ್ಕೂ ಮುಂಚೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ಯೂನಿಫಾರ್ಮ್ ಹಾಕ್ಲಿಲ್ಲ, ಆದ್ರೆ 1913ರಿಂದ 1920ರ ತನಕ ನೇವಿ ಖಾತೆಯ ಸಹಾಯಕ ಕಾರ್ಯದರ್ಶಿ ಆಗಿದ್ರು. ಅದಕ್ಕಿಂತ ನನಗೆ ಖುಷಿ ಕೊಡೋ ವಿಷಯ ಏನಂದ್ರೆ ಅವರೂ ನಮ್ಮ ಜಾತಿನೇ, ಅಂಚೆಚೀಟಿ ಜೊತೆಗೆ ಹಳೇ ನೌಕಾ ಪತ್ರಗಳು, ಹಡಗಿನ ಚಿತ್ರಗಳು, ಹಡಗಿನ ಮಾಡೆಲ್‌ಗಳು ಎಲ್ಲಾ ಕೂಡಿಡ್ತಿದ್ರು. 1939ರಲ್ಲಿ ಯುದ್ಧ ಶುರುವಾದಾಗ ಚರ್ಚಿಲ್ ಮತ್ತೆ ಬ್ರಿಟಿಷ್ ನೌಕಾ ಮಂತ್ರಿ ಆದ್ರಲ್ಲ, ಆಗ ಇಬ್ಬರ ಮಧ್ಯೆ ಶುರುವಾದ ಪತ್ರವ್ಯವಹಾರದಲ್ಲಿ ಚರ್ಚಿಲ್ ತಮ್ಮನ್ನ ಕರ್ಕೊಂಡಿದ್ದು "ನೇವಲ್ ಪರ್ಸನ್" ಅಂತ, 1940ರ ಮೇನಲ್ಲಿ ಪ್ರಧಾನಿ ಆದ್ಮೇಲೆ "ಫಾರ್ಮರ್ ನೇವಲ್ ಪರ್ಸನ್". ದೇಶದ ಪ್ರಧಾನಿ ಆದೋನು ತನ್ನನ್ನ ತಾನು ಮಾಜಿ ನೇವಿಯೋನು ಅಂತ ಕರ್ಕೊಳೋದು, ಅದರಲ್ಲಿ ಒಂಚೂರು ತುಂಟತನ ಇದೆ, ಒಂಚೂರು ಲೆಕ್ಕಾಚಾರನೂ ಇದೆ, ಆ ಕಡೆ ಇರೋನಿಗೂ ಹಡಗಿನ ಹುಚ್ಚು ಅಂತ ಗೊತ್ತಲ್ಲ.

ಇನ್ನು ಭಾಷೆ. ಈ ಕ್ಷೇತ್ರದಲ್ಲಿ ಎರಡು ಮೂರಕ್ಷರದ ಮಂತ್ರಗಳಿವೆ. ಎಎಲ್‌ಎಸ್ ಅಂದ್ರೆ ಪೂರ್ತಿ ಪತ್ರ ಅವರ ಕೈಬರಹ, ಸಹಿನೂ ಅವರದೇ. ಟಿಎಲ್‌ಎಸ್ ಅಂದ್ರೆ ಟೈಪ್ ಮಾಡಿದ್ದು, ಸಹಿ ಮಾತ್ರ ಅವರದು. ಬರೀ ಎಲ್‌ಎಸ್ ಅಂದ್ರೆ ಗುಮಾಸ್ತ ಕೈಯಲ್ಲಿ ಬರೆದ, ಸಾಹೇಬ್ರು ಕೆಳಗೆ ಸಹಿ ಹಾಕಿದ್ರು. ನೌಕಾಪಡೆಯ ಆಫೀಸ್ ಕಾಗದಗಳಲ್ಲಿ ಮುಕ್ಕಾಲು ಪಾಲು ಈ ಮೂರನೇ ಥರದ್ದು. ಹೊಸಬರು ಒಳಗಿನ ದುಂಡಗಿನ ಅಕ್ಷರ ನೋಡಿ ಆಹಾ ಅಡ್ಮಿರಲ್ ಎಷ್ಟು ಚೆನ್ನಾಗಿ ಬರೀತಾನೆ ಅಂತಾರೆ, ಅದು ಅಡ್ಮಿರಲ್ ಬರೆದಿದ್ದಲ್ಲ ಸ್ವಾಮಿ, ಅವನ ಸೆಕ್ರೆಟರಿ ಬರೆದಿದ್ದು. ಬ್ರಿಟಿಷ್ ಅಡ್ಮಿರಲ್ ನೆಲ್ಸನ್‌ಗೂ ಜಾನ್ ಸ್ಕಾಟ್ ಅಂತ ಒಬ್ಬ ಸೆಕ್ರೆಟರಿ ಇದ್ದ. 1805ರ ಅಕ್ಟೋಬರ್ 21, ಟ್ರಫಾಲ್ಗರ್ ನೌಕಾಯುದ್ಧದ ದಿನ, ನೆಲ್ಸನ್‌ನ ವಿಕ್ಟರಿ ಹಡಗಿನ ಡೆಕ್ ಮೇಲೆ ಮಾತಾಡ್ತಾ ನಿಂತಿದ್ದೋನಿಗೆ ಫಿರಂಗಿ ಗುಂಡು ಬಡಿದು ಅಲ್ಲೇ ಸತ್ತ, ನೆಲ್ಸನ್‌ಗೆ ಗುಂಡು ತಗಲೋಕ್ಕಿಂತ ಮುಂಚೆನೇ. ಆ ದುಂಡಗಿನ ಅಕ್ಷರದ ಹಿಂದೆ ಇಂಥ ಜನ ಇದ್ರು, ಅವರ ಸಹಿನ ಯಾರೂ ಕೂಡಿಡಲ್ಲ.

ನೆಲ್ಸನ್ ಅಂದೆ ಅಲ್ವಾ, ಸಹಿ ನೋಡಿ ಕಾಲ ಹೇಳೋದು ಹೇಗೆ ಅನ್ನೋದಕ್ಕೆ ಅವನಿಗಿಂತ ಒಳ್ಳೇ ಉದಾಹರಣೆ ಇಲ್ಲ. 1797ರ ಜುಲೈನಲ್ಲಿ ಟೆನೆರಿಫ್ ದ್ವೀಪದ ಸಾಂತಾ ಕ್ರೂಝ್ ಮೇಲೆ ರಾತ್ರಿ ದಾಳಿ ಮಾಡಕ್ಕೆ ಹೋಗಿ ಬಲಗೈಗೆ ಗುಂಡು ಬಿತ್ತು, ಹಡಗಿಗೆ ವಾಪಸ್ ತಂದು ಕೈ ಕತ್ತರಿಸಿದ್ರು. ಅಲ್ಲಿಗೆ ಬಲಗೈ ಬರಹ ಮುಗೀತು. ಜುಲೈ 27ಕ್ಕೆ, ಅಂದ್ರೆ ಎರಡೇ ದಿನ ಆದ್ಮೇಲೆ, ತನ್ನ ಮೇಲಧಿಕಾರಿ ಜರ್ವಿಸ್‌ಗೆ ಎಡಗೈಯಲ್ಲಿ ಕಾಗದ ಬರೀತಾನೆ, ಇನ್ನು ನಾನು ಸ್ನೇಹಿತರಿಗೆ ಹೊರೆ, ದೇಶಕ್ಕೆ ಪ್ರಯೋಜನ ಇಲ್ಲ ಅಂತ. ಅದರ ಚಿತ್ರ ನೋಡಿದ್ರೆ ಸಾಕು, ಒಂದನೇ ಕ್ಲಾಸಿನ ಮಗು ಸ್ಲೇಟ್ ಮೇಲೆ ತಿದ್ದಿದ ಹಾಗಿದೆ, ಅಕ್ಷರಗಳು ಒಂದಕ್ಕೊಂದು ಸಂಬಂಧನೇ ಇಲ್ಲದ ಹಾಗೆ ನಿಂತಿವೆ. ಮುಂಚೆ ಬಲಗೈಯಲ್ಲಿ ಬರೀತಿದ್ದಾಗ ಬಲಕ್ಕೆ ವಾಲಿಕೊಂಡು ಓಡ್ತಾ ಇದ್ದ ಬರಹ ಅದು. ನಿಧಾನವಾಗಿ ಎಡಗೈ ಪಳಗಿತು, ಆದ್ರೆ ಆಕಾರ ಬೇರೆ ಆಯ್ತು, ನೆಟ್ಟಗೆ, ಅಗಲವಾಗಿ. ಎಂಟು ವರ್ಷದಲ್ಲಿ ಆ ಎಡಗೈ ಬರೆದ ಕಾಗದಗಳು ಎಷ್ಟು ಅಂತೀರಿ! ಅದರಲ್ಲಿ ಅವನ ಪ್ರೇಯಸಿ ಎಮ್ಮಾ ಹ್ಯಾಮಿಲ್ಟನ್‌ಗೆ ಬರೆದವು ಒಂದು ರಾಶಿ. ಅವಳು ಬರೆದವನ್ನ ಇವನು ಸುಟ್ಟು ಹಾಕ್ತಿದ್ದ, ಇವನು ಬರೆದವನ್ನ ಅವಳು ಇಟ್ಕೊಂಡ್ಳು, 1814ರಲ್ಲಿ ಅವು ಪುಸ್ತಕ ಆಗಿ ಊರಿಗೆಲ್ಲಾ ಗೊತ್ತಾಯ್ತು.

ಅಷ್ಟೇ ಅಲ್ಲ, ಸಹಿಯ ಮಾತುಗಳೂ ಬದಲಾಗ್ತಾ ಹೋದ್ವು. ಮೊದಲು ಬರೀ ಹೊರೇಷಿಯೋ ನೆಲ್ಸನ್. 1799ರಲ್ಲಿ ನೇಪಲ್ಸ್ ರಾಜ ಬ್ರಾಂಟೆಯ ಡ್ಯೂಕ್ ಅಂತ ಬಿರುದು ಕೊಟ್ಟ ಮೇಲೆ "ಬ್ರಾಂಟೆ ನೆಲ್ಸನ್ ಆಫ್ ದ ನೈಲ್" ಅಂತ ಉದ್ದ ಸಹಿ, 1801ರಿಂದ "ನೆಲ್ಸನ್ ಅಂಡ್ ಬ್ರಾಂಟೆ". ಹಾಗಾಗಿ 1795 ಅಂತ ತಾರೀಕು ಹಾಕಿ ಎಡಗೈ ಅಕ್ಷರ ಇರೋ ಕಾಗದ ಯಾರಾದ್ರೂ ತೋರಿಸಿದ್ರೆ ಕೈ ಮುಗಿದು ಎದ್ದು ಬನ್ನಿ. ಆ ಜರ್ವಿಸ್ ಕಥೆನೂ ಹೀಗೇನೇ, 1797ರಲ್ಲಿ ಅರ್ಲ್ ಆದ್ಮೇಲೆ ಅವನ ಸಹಿ ಬರೀ "ಸೇಂಟ್ ವಿನ್ಸೆಂಟ್". ಬ್ರಿಟಿಷ್ ಲಾರ್ಡ್‌ಗಳು ಬಿರುದು ಬಂದ್ಮೇಲೆ ಹುಟ್ಟಿದ ಹೆಸರು ಬಿಟ್ಟು ಬಿರುದಷ್ಟೇ ಬರೀತಾರೆ. ನಾನು ಮೊದಲ ಆರು ತಿಂಗಳು "ಜಾನ್ ಜರ್ವಿಸ್" ಅಂತ ಕೊನೇಗಾಲದ ಸಹಿ ಹುಡುಕ್ತಾ ಕೂತಿದ್ದೆ, ಎಲ್ಲಿಂದ ಸಿಗ್ಬೇಕು.

ಎಡಗೈ ಅಂದಾಗೆಲ್ಲ ನನಗೆ ಗಾಂಧಿ ನೆನಪಾಗ್ತಾರೆ. 1909ರ ನವೆಂಬರ್‌ನಲ್ಲಿ ಲಂಡನ್ನಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗೋ ಕಿಲ್ಡೋನನ್ ಕ್ಯಾಸಲ್ ಹಡಗಲ್ಲಿ ಕೂತು ಹಿಂದ್ ಸ್ವರಾಜ್ ಬರೆದಿದ್ದು, ಹಡಗಿನ ಲೆಟರ್ ಪೇಪರ್ ಮೇಲೇನೇ, ಬಲಗೈ ಸೋತು ಹೋದಾಗ ಎಡಗೈಯಲ್ಲಿ, ಅಂಥ ಪುಟಗಳೇ ಸುಮಾರು ನಲವತ್ತು. ಒಬ್ಬನಿಗೆ ಕೈ ಹೋಗಿತ್ತು, ಇನ್ನೊಬ್ಬರಿಗೆ ಮಾತು ನಿಲ್ತಾ ಇರ್ಲಿಲ್ಲ. ಗಾಂಧಿ ಪತ್ರಗಳನ್ನ ನೋಡಿದೋರಿಗೆ ಇನ್ನೊಂದು ಗೊತ್ತಿರುತ್ತೆ, ಬಂದ ಕಾಗದದ ಖಾಲಿ ಹಿಂಬದಿ, ಹಳೇ ಲಕೋಟೆ ಬಿಚ್ಚಿ ಒಳಮೈ, ಎಲ್ಲದರ ಮೇಲೂ ಬರೆಯೋರು. ಆಟೋಗ್ರಾಫ್ ಕೇಳಿದೋರ ಹತ್ರ ಹರಿಜನ ನಿಧಿಗೆ ಅಂತ ದುಡ್ಡು ಇಸ್ಕೊಂಡೇ ಸಹಿ ಹಾಕೋರು. ನನ್ನ ಹತ್ರ ಅವರದ್ದು ಒಂದೂ ಇಲ್ಲ, ಆಸೆನೂ ಇಲ್ಲ, ಅದೆಲ್ಲಾ ಸಾರ್ವಜನಿಕ ಸಂಗ್ರಹದಲ್ಲಿ ಇರಬೇಕಾದ್ದು ಅನ್ನೋದು ನನ್ನ ಅಭಿಪ್ರಾಯ, ಬೇರೆ ಸಂಗ್ರಾಹಕರು ಒಪ್ಪದೇ ಇರಬಹುದು.

ನಗು ಬರಿಸೋ ಪತ್ರಗಳು ಬೇಕಂದ್ರೆ ಅಡ್ಮಿರಲ್ ಫಿಶರ್. ಬ್ರಿಟಿಷ್ ನೌಕಾಪಡೆಗೆ ಡ್ರೆಡ್‌ನಾಟ್ ಅನ್ನೋ ದೈತ್ಯ ಯುದ್ಧನೌಕೆ ತಂದುಕೊಟ್ಟೋನು, 1915ರ ಮೇನಲ್ಲಿ ಟರ್ಕಿಯ ಡಾರ್ಡನೆಲ್ಸ್ ಜಲಸಂಧಿ ಮೇಲಿನ ದಾಳಿ ವಿಷಯಕ್ಕೆ ಚರ್ಚಿಲ್ ಜೊತೆ ಜಗಳ ಆಡಿ ರಾಜೀನಾಮೆ ಬಿಸಾಕಿದೋನು. ಅವನ ಕಾಗದ ದೂರದಿಂದಾನೇ ಗುರುತು ಸಿಗುತ್ತೆ, ದಪ್ಪ ದಪ್ಪ ಅಕ್ಷರ, ಪದಗಳ ಕೆಳಗೆ ಎರಡು ಮೂರು ಅಡ್ಡಗೆರೆ, ಸಾಲಿಗೊಂದು ಆಶ್ಚರ್ಯಸೂಚಕ, ಕೊನೆಗೆ "ನರಕ ಹೆಪ್ಪುಗಟ್ಟೋ ತನಕ ನಿಮ್ಮವ" ಅಂತ ಮುಗಿಸೋನು, ಇನ್ನೊಂದು ಸಲ "ಇದ್ದಿಲು ಚಿಗುರೋ ತನಕ ನಿಮ್ಮವ". ನಾವು ದಿನಕ್ಕೆ ಹತ್ತು ಸಲ ಮೆಸೇಜಲ್ಲಿ ಟೈಪ್ ಮಾಡೋ "ಓಎಂಜಿ" ಇದೆಯಲ್ಲ, ಅದರ ಅತೀ ಹಳೇ ಬಳಕೆ ಅಂತ ಗುರುತಿಸಿರೋದು ಇದೇ ಫಿಶರ್ 1917ರ ಸೆಪ್ಟೆಂಬರ್‌ನಲ್ಲಿ ಚರ್ಚಿಲ್‌ಗೆ ಬರೆದ ಕಾಗದದಲ್ಲಿ! ಹೊಸದೊಂದು ನೈಟ್ ಪದವಿ ಬರುತ್ತಂತೆ, ಅದರ ಹೆಸರು ಓಎಂಜಿ, ಅಂದ್ರೆ ಅಯ್ಯೋ ದೇವರೇ, ಅದನ್ನ ನೌಕಾ ಇಲಾಖೆ ಮೇಲೆ ಸುರೀರಿ ಅಂತ ಕಿಚಾಯಿಸಿದ್ದಾನೆ. ಎಪ್ಪತ್ತು ದಾಟಿದ ಅಡ್ಮಿರಲ್.

ಅದಕ್ಕೆ ತದ್ವಿರುದ್ಧ ಮ್ಯಾನ್ಸ್‌ಫೀಲ್ಡ್ ಕಮ್ಮಿಂಗ್. ಅವನೂ ನೇವಿಯೋನೇ, ಬ್ರಿಟನ್ನಿನ ವಿದೇಶಿ ಗೂಢಚರ್ಯೆ ಸಂಸ್ಥೆಗೆ ಮೊದಲ ಮುಖ್ಯಸ್ಥ, ಸಹಿ ಅಂದ್ರೆ ಹಸಿರು ಇಂಕಲ್ಲಿ ಒಂದೇ ಅಕ್ಷರ, "ಸಿ". ಈಗಿನ ಮುಖ್ಯಸ್ಥರೂ ಹಸಿರು ಇಂಕಲ್ಲೇ ಬರೀತಾರೆ. ಒಂದೇ ಅಕ್ಷರದ ಸಹಿ ಅಸಲಿಯೋ ನಕಲಿಯೋ ಅಂತ ಹೇಳೋದು ಹೇಗೆ, ನನಗಂತೂ ಧೈರ್ಯ ಇಲ್ಲ.

ಸಂಗ್ರಾಹಕರೇ ಮಾಡಿರೋ ಪಾಪಗಳದ್ದೇ ಒಂದು ದೊಡ್ಡ ಅಧ್ಯಾಯ. ಬ್ರಿಟನ್ನಲ್ಲಿ 1840ರ ತನಕ ಪಾರ್ಲಿಮೆಂಟ್ ಸದಸ್ಯರಿಗೆ ಅಂಚೆ ಫ್ರೀ, ವಿಳಾಸದ ಕಡೆ ತಾವೇ ಬರೆದು ಮೂಲೇಲಿ ಸಹಿ ಹಾಕಿದ್ರೆ ಸಾಕು, ಅದಕ್ಕೆ ಫ್ರಾಂಕ್ ಅಂತಿದ್ರು. ಆಗ ಲಕೋಟೆ ಬಳಕೆ ಇರ್ಲಿಲ್ಲ, ಕಾಗದನೇ ಮಡಚಿ ಅರಗು ಹಾಕಿ ಹೊರಗೆ ವಿಳಾಸ ಬರೆಯೋದು. 19ನೇ ಶತಮಾನದ ಆಲ್ಬಂ ಹುಚ್ಚಿನ ಜನ ಏನ್ ಮಾಡಿದ್ರು ಅಂದ್ರೆ ಆ ಸಹಿ ಇರೋ ಮುಂಭಾಗ ಕತ್ತರಿಸಿಕೊಂಡು ಉಳಿದ ಪತ್ರನ ಒಲೆಗೆ ಹಾಕಿದ್ರು. ಇನ್ನೂ ಕೆಲವರು ಒಳಗಿನ ಪತ್ರದಿಂದ ಬರೀ ಹೆಸರಷ್ಟು ಪಟ್ಟಿ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿದ್ರು. ಇವತ್ತು ಮಾರ್ಕೆಟ್‌ನಲ್ಲಿ ಕತ್ತರಿಸಿದ ಸಹಿ ರಾಶಿ ರಾಶಿ ಬರುತ್ತೆ, ಅಗ್ಗಕ್ಕೂ ಸಿಗುತ್ತೆ, ನಾನು ಮುಟ್ಟಲ್ಲ. ಹಕ್ಕಿ ಬಿಸಾಕಿ ಗರಿ ಇಟ್ಕೊಂಡ ಹಾಗೆ. ಒಂದು ಸಲ ಒಂದು ತುಂಡು ನೋಡಿದ್ದೆ, ಮುಂದೆ ಮಂತ್ರಿಯೊಬ್ಬರ ಸಹಿ, ಹಿಂಬದಿಯಲ್ಲಿ ಹಿಂದಿನ ಪುಟದ ಅರ್ಧ ಸಾಲು, "...ಇದನ್ನ ಯಾರಿಗೂ ಹೇಳಬೇಡಿ, ಯಾಕಂದ್ರೆ..." ಅಂತ ಇತ್ತು, ಅಷ್ಟೇ, ಮುಂದಿನದು ಕತ್ತರಿಗೆ ಹೋಗಿದೆ. ಯಾಕಂದ್ರೆ ಏನು? ಇನ್ನೂರು ವರ್ಷದ ಮೇಲೆ ನನ್ನ ನಿದ್ದೆ ಕೆಡಿಸೋದಕ್ಕೆ ಆ ಕತ್ತರಿ ಹಿಡಿದ ಮಹಾತಾಯಿಗೋ ಮಹಾನುಭಾವನಿಗೋ ಏನು ಹಕ್ಕಿತ್ತು.

ಇನ್ನು ಸಹಿ ಹಾಕೋ ಮೆಷಿನ್. ಇದು ಹೊಸದೇನಲ್ಲ. ಅಮೆರಿಕದ ಅಧ್ಯಕ್ಷ ಜೆಫರ್ಸನ್ ಹತ್ರ 1804ರಿಂದ ಪಾಲಿಗ್ರಾಫ್ ಅಂತ ಒಂದು ಯಂತ್ರ ಇತ್ತು, ಎರಡು ಪೆನ್ನು ಒಂದಕ್ಕೊಂದು ಕಡ್ಡಿಯಿಂದ ಜೋಡಿಸಿರೋದು, ಒಂದರಲ್ಲಿ ಬರೆದ್ರೆ ಇನ್ನೊಂದು ಪಕ್ಕದ ಕಾಗದದ ಮೇಲೆ ಅದನ್ನೇ ಬರೀತಿತ್ತು. ಆದ್ರೆ ಅಲ್ಲಿ ಕೈ ಅವರದ್ದೇ. 20ನೇ ಶತಮಾನದ ಆಟೋಪೆನ್‌ಗೆ ಕೈನೇ ಬೇಡ, ಸಹಿಯ ಅಚ್ಚೊಂದು ಹಾಕಿಬಿಟ್ರೆ ದಿನಪೂರ್ತಿ ಸಹಿ. ಕೆನಡಿ ಕಾಲದಲ್ಲಿ ಆಟೋಪೆನ್ ಒಂದು ಕಡೆ, ಅವರ ಥರಾನೇ ಸಹಿ ಹಾಕೋ ಸೆಕ್ರೆಟರಿಗಳು ಇನ್ನೊಂದು ಕಡೆ, ಸಾಲದ್ದಕ್ಕೆ ಅವರ ಸ್ವಂತ ಸಹಿನೇ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರ್ತಿರ್ಲಿಲ್ಲ. ಅದರ ಮೇಲೆ 1965ರಲ್ಲೇ ಒಬ್ಬ ಪತ್ರ ವ್ಯಾಪಾರಿ ಒಂದು ಇಡೀ ಪುಸ್ತಕ ಬರೆದಿದ್ದಾನೆ ಅಂದ್ರೆ ಯೋಚನೆ ಮಾಡಿ. ಅಮೆರಿಕದ ಭೂಮಿ ಮಂಜೂರಾತಿ ಪತ್ರಗಳಲ್ಲೂ ಇದೇ ಗೋಳು, 1833ರ ತನಕ ಅಧ್ಯಕ್ಷರೇ ಸಹಿ ಹಾಕ್ತಿದ್ರು, ಆಮೇಲೆ ಅವರ ಹೆಸರಲ್ಲಿ ಕಾರ್ಯದರ್ಶಿ ಹಾಕೋಕೆ ಶುರು ಮಾಡಿದ. ಆಗ ಅಧ್ಯಕ್ಷರಾಗಿದ್ದ ಆಂಡ್ರೂ ಜಾಕ್ಸನ್ ಹೆಸರು ಇರೋ ಚರ್ಮದ ಹಾಳೆ ಕೈಗೆ ಬಂದ್ರೆ ಮೊದಲು ವರ್ಷ ನೋಡಿ, ಕೆಳಗೆ ಸಣ್ಣಕ್ಷರದಲ್ಲಿ ಕಾರ್ಯದರ್ಶಿ ಹೆಸರು ಇದೆಯಾ ನೋಡಿ.

ನನಗೂ ಮೆಷಿನ್ ಸಹಿ ಬಂದಿದೆ. ಒಬ್ಬ ದೊಡ್ಡ ರಾಜಕಾರಣಿಗೆ (ಹೆಸರು ಬೇಡ ಬಿಡಿ) ಎರಡು ವರ್ಷದ ಅಂತರದಲ್ಲಿ ಎರಡು ಸಲ ಬರೆದಿದ್ದೆ, ಎರಡಕ್ಕೂ ಬೆಚ್ಚಗಿನ ಉತ್ತರ ಬಂತು, "ನಿಮ್ಮ ಪತ್ರ ಓದಿ ವೈಯಕ್ತಿಕವಾಗಿ ಸಂತೋಷವಾಯಿತು" ಅಂತ. ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿ ಗಾಜಿಗೆ ಹಿಡಿದೆ. ಸಹಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಕೂತುಬಿಡ್ತು. ಮನುಷ್ಯ ಅನ್ನೋನು ಎರಡು ಸಲ ಒಂದೇ ಥರ ಸಹಿ ಹಾಕಕ್ಕಾಗಲ್ಲ, ಹಾಕಿದಾನೆ ಅಂದ್ರೆ ಅವನು ಮನುಷ್ಯ ಅಲ್ಲ. ಗೆರೆನೂ ನೋಡಿ, ಮೆಷಿನ್ ಪೆನ್ನು ಇಳಿಯೋ ಕಡೆ ಒಂದು ಚುಕ್ಕಿ, ಏಳೋ ಕಡೆ ಒಂದು ಚುಕ್ಕಿ, ಮಧ್ಯೆ ಒತ್ತಡದಲ್ಲಿ ಏರಿಳಿತ ಇಲ್ಲ.

ಮೋಸಗಾರರ ಕಥೆಗಳು ಈ ಹವ್ಯಾಸದ ಪುರಾಣ ಇದ್ದ ಹಾಗೆ. ನನಗೆ ತುಂಬಾ ಇಷ್ಟವಾದೋನು ಫ್ರಾನ್ಸಿನ ವ್ರೆನ್ ಲೂಕಾ. ಮಿಷೆಲ್ ಶಾಲ್ ಅಂತ ದೊಡ್ಡ ಗಣಿತಜ್ಞನಿಗೆ 1860ರ ದಶಕದಲ್ಲಿ ಸಾವಿರಾರು ಪತ್ರ ಮಾರಿದ, ಪಾಸ್ಕಲ್ ನ್ಯೂಟನ್‌ಗೆ ಬರೆದದ್ದು, ಆಮೇಲೆ ಧೈರ್ಯ ಜಾಸ್ತಿ ಆಗಿ ಕ್ಲಿಯೋಪಾತ್ರ ಬರೆದದ್ದು, ಮೇರಿ ಮ್ಯಾಗ್ಡಲೀನ್ ಬರೆದದ್ದು, ಎಲ್ಲವೂ ಫ್ರೆಂಚ್ ಭಾಷೇಲಿ, ಎಲ್ಲವೂ ಕಾಗದದ ಮೇಲೆ! ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ. 1870ರಲ್ಲಿ ಲೂಕಾ ಜೈಲಿಗೆ ಹೋದ. ಆ ಗಣಿತಜ್ಞನ ಬಗ್ಗೆ ಓದಿ ನಗೋಕೆ ಹೋದಾಗ ನನ್ನ ಗೋಡೆ ಮೇಲಿರೋ ಚರ್ಚಿಲ್ ನನ್ನ ನೋಡಿ ನಕ್ಕ ಹಾಗಾಯ್ತು. ಅಮೆರಿಕದಲ್ಲಿ ಜೋಸೆಫ್ ಕೋಸಿ ಅಂತ ಇದ್ದ, ಲಿಂಕನ್ ಕೈಬರಹನ ಎಷ್ಟು ಸಲೀಸಾಗಿ ಬರೀತಿದ್ದ ಅಂದ್ರೆ ಈಗ ಅವನ ನಕಲಿಗಳನ್ನೇ ಕೂಡಿಡೋರಿದ್ದಾರೆ. ಅಂದಹಾಗೆ ಲಿಂಕನ್ ಪತ್ರಗಳಿಗೆ ಸಾಮಾನ್ಯವಾಗಿ "ಎ. ಲಿಂಕನ್" ಅಂತ ಹಾಕ್ತಿದ್ರು, ಪೂರ್ತಿ ಹೆಸರು ಬರೀತಿದ್ದಿದ್ದು ಸರ್ಕಾರಿ ದಸ್ತಾವೇಜಿಗೆ. ಸ್ನೇಹಿತನಿಗೆ ಬರೆದ ಕಾಗದದಲ್ಲಿ "ಅಬ್ರಹಾಂ" ಅಂತ ಉದ್ದಕ್ಕೆ ಇದ್ರೆ ಕಿವಿ ನಿಮಿರಬೇಕು.

ಕಾಗದನೂ ಸಾಕ್ಷಿ ಹೇಳುತ್ತೆ. ಬೆಳಕಿಗೆ ಹಿಡಿದ್ರೆ ಹಳೇ ಕಾಗದದಲ್ಲಿ ಬಿದಿರು ತಟ್ಟಿ ಥರ ಗೆರೆಗಳು ಕಾಣುತ್ತೆ, ಗೆರೆ ಇಲ್ಲದ ನುಣುಪು ಕಾಗದ ಇಂಗ್ಲೆಂಡಲ್ಲಿ ಬಂದಿದ್ದೇ 1750ರ ದಶಕದಲ್ಲಿ. 1794ರಿಂದ ಈಚೆಗೆ ಬ್ರಿಟಿಷ್ ಕಾಗದದ ವಾಟರ್‌ಮಾರ್ಕ್‌ನಲ್ಲಿ ತಯಾರಾದ ವರ್ಷ ಹಾಕೋದು ರೂಢಿಗೆ ಬಂತು, ತೆರಿಗೆ ವಿನಾಯಿತಿ ಕಾನೂನಿನ ಕೃಪೆ. 1801ರ ಪತ್ರದೊಳಗೆ 1806ರ ವಾಟರ್‌ಮಾರ್ಕ್ ಕಂಡ್ರೆ ಜಾತಕ ಮುಗೀತು. ಅದಕ್ಕೇ ಜಾತಕ ಅಂತೀನಿ ನಾನು ಪ್ರೊವೆನೆನ್ಸ್‌ಗೆ, ಯಾರ ಮನೆಯಿಂದ ಯಾರ ಕೈಗೆ ಬಂತು, ಯಾವ ಹರಾಜಿನ ಯಾವ ನಂಬರು, ಆ ದಾರಿ ಗೊತ್ತಿಲ್ಲದಿದ್ರೆ ಎಷ್ಟು ಸುಂದರವಾಗಿದ್ರೂ ಅನುಮಾನವೇ. ಸರ್ಕಾರಿ ದಾಖಲೆ ಕೊಠಡಿಯಿಂದ ಯಾವಾಗಲೋ ಹಾರಿ ಬಂದಿರೋ ಕಾಗದನೂ ಆಗಿರಬಹುದು, ಅದು ನಿಮ್ಮ ದುಡ್ಡಿಗೂ ಕೇಡು ನಿಮ್ಮ ಹೆಸರಿಗೂ ಕೇಡು.

ಆ ಕಾಲದ ಮಸಿ ಮಾಚಿಕಾಯಿ, ಅನ್ನಭೇದಿ ಹಾಕಿ ಮಾಡ್ತಿದ್ದಿದ್ದು. ಬರೆದಾಗ ಕಪ್ಪು, ವಯಸ್ಸಾದ್ಮೇಲೆ ಕಂದು, ಆಮೇಲೆ ಕಬ್ಬಿಣ ಮತ್ತೆ ಆಮ್ಲ ಸೇರಿ ಕಾಗದಾನೇ ತಿನ್ನೋಕೆ ಶುರು ಮಾಡುತ್ತೆ, ಒತ್ತಿ ಬರೆದ ಅಕ್ಷರ ತೂತಾಗಿ ಉದುರಿ ಹೋಗುತ್ತೆ. ತೇವ ತಗಲಬಾರದು, ಬಿಸಿಲು ತಗಲಬಾರದು, ಲ್ಯಾಮಿನೇಷನ್ ಅಂತೂ ಕೊಲೆ. ನನ್ನ ಮಹಾಪರಾಧ ಒಂದಿದೆ, ಮಡಿಕೆಯಲ್ಲಿ ಬಿಟ್ಕೊಂಡಿದ್ದ ಒಂದು ಪತ್ರಕ್ಕೆ ಹಿಂದಿನಿಂದ ಸೆಲ್ಲೋಟೇಪ್ ಹಚ್ಚಿದ್ದೆ, ಶುರುವಿನ ದಿನಗಳಲ್ಲಿ, ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡು. ಕೆಲವು ವರ್ಷಕ್ಕೆ ಟೇಪ್ ಒಣಗಿ ತಾನೇ ಉದುರಿತು, ಅಂಟು ಮಾತ್ರ ಒಳಗಿಳಿದು ಚಹಾ ಬಣ್ಣದ ಪಟ್ಟಿ ಆಗಿ ಮುಂದಿನ ಕಡೆಗೂ ಬಂದಿದೆ. ರಿಪೇರಿ ಮಾಡೋರು ಬಳಸೋದು ತೆಳ್ಳನೆ ಜಪಾನಿ ಕಾಗದ, ಗೋಧಿ ಗಂಜಿಯ ಅಂಟು, ಬೇಕಂದ್ರೆ ನೀರು ಹಚ್ಚಿ ತೆಗೆಯಬಹುದು. ಈಗ ನನ್ನವೆಲ್ಲ ಆಮ್ಲ ಇಲ್ಲದ ಫೋಲ್ಡರ್, ಪಾಲಿಯೆಸ್ಟರ್ ಕವರ್ ಒಳಗೆ ಇವೆ. ಟಿಪ್ಪಣಿ ಏನಿದ್ರೂ ಪೆನ್ಸಿಲಲ್ಲಿ, ಅದೂ ಫೋಲ್ಡರ್ ಮೇಲೆ.

ಹಿಟ್ಲರ್ ನೌಕಾಪಡೆಯ ಮುಖ್ಯಸ್ಥನಾಗಿದ್ದ ಡ್ಯೋನಿಟ್ಸ್ ವಿಷಯ ಹೇಳದೇ ಮುಂದೆ ಹೋಗಕ್ಕಾಗಲ್ಲ. ಹಿಟ್ಲರ್ ಸತ್ತ ಮೇಲೆ ಜರ್ಮನಿ ಅವನ ಕೈಗೆ ಬಂದಿತ್ತು, ನ್ಯೂರೆಂಬರ್ಗ್ ಯುದ್ಧಾಪರಾಧ ವಿಚಾರಣೆಯಲ್ಲಿ ಹತ್ತು ವರ್ಷ ಶಿಕ್ಷೆ ಆಯ್ತು, 1956ರಲ್ಲಿ ಹೊರಗೆ ಬಂದ, 1980ರ ತನಕ ಬದುಕಿದ್ದ. ಬರೆದೋರಿಗೆಲ್ಲ ಉತ್ತರ ಬರೀತಿದ್ದ, ಸಹಿ ಹಾಕ್ತಿದ್ದ, ಹಾಗಾಗಿ ಅವನ ಸಹಿ ಸುಲಭಕ್ಕೆ ಸಿಗುತ್ತೆ. ನನಗೂ ಸ್ನೇಹಿತನೊಬ್ಬ ಒಂದು ಪತ್ರ ವಿನಿಮಯದಲ್ಲಿ ಕೊಡ್ತೀನಿ ಅಂದ. ಪತ್ರ ಬಹಳ ಸೌಜನ್ಯದ್ದು, ಅದೇ ನನಗೆ ಕಷ್ಟ ಆಗಿದ್ದು, ಮುದುಕ ಒಬ್ಬ ಹುಡುಗನಿಗೆ ಓದಿನಲ್ಲಿ ಯಶಸ್ಸು ಕೋರಿದ್ದಾನೆ. ತಗೊಳ್ಲಿಲ್ಲ. ಇತಿಹಾಸ ಅಂದ್ರೆ ಬರೀ ಒಳ್ಳೇವ್ರದ್ದಾ ಅಂತ ಆ ಸ್ನೇಹಿತ ಕೇಳಿದ, ಸರಿಯಾದ ಪ್ರಶ್ನೆನೇ, ಆದ್ರೂ ನನ್ನ ಪೆಟ್ಟಿಗೆ ನನ್ನಿಷ್ಟ.

ಬದುಕಿರೋರಿಗೆ ಬರೆಯೋದಾದ್ರೆ ನನ್ನ ಒಂದೇ ಕಿವಿಮಾತು, ಸಹಿ ಕೇಳಬೇಡಿ, ಪ್ರಶ್ನೆ ಕೇಳಿ. ಸಹಿ ಕೇಳಿದ್ರೆ ಫೋಟೋ ಬರುತ್ತೆ, ಮೆಷಿನ್ ಸಹಿ ಬರುತ್ತೆ. ಅವರಿಗಷ್ಟೇ ಗೊತ್ತಿರೋದು ಏನಾದ್ರೂ ಕೇಳಿದ್ರೆ ಅವರೇ ಕೂತು ಬರೀತಾರೆ. ನಿವೃತ್ತ ರಿಯರ್ ಅಡ್ಮಿರಲ್ ಒಬ್ಬರಿಗೆ, ಹಡಗಲ್ಲಿ ಟಪಾಲು ಬಂದ ದಿನ ಮೊದಲು ಯಾರ ಕಾಗದ ಒಡೀತಿದ್ರಿ ಅಂತ ಕೇಳಿದ್ದೆ. ಟೈಪ್ ಮಾಡಿದ ಅರ್ಧ ಪುಟ ಬಂತು, ಹೆಂಡತಿ ಕಾಗದಗಳನ್ನ ತಾರೀಕಿನ ಪ್ರಕಾರ ಜೋಡಿಸಿಟ್ಕೊಂಡು ದಿನಕ್ಕೊಂದೇ ಒಡೀತಿದ್ದೆ, ಒಂದು ಸಲ ತಡೀಲಾರದೆ ಕೊನೇದನ್ನ ಮೊದಲು ಒಡೆದೆ, ಅದರಲ್ಲಿ "ಈಗ ಜ್ವರ ಪೂರ್ತಿ ಹೋಗಿದೆ" ಅಂತಿತ್ತು, ಯಾರ ಜ್ವರ ಅಂತ ತಿಳಿಯೋಕೆ ಹಿಂದಿನ ಏಳನ್ನೂ ಒಂದೇ ಉಸಿರಿಗೆ ಓದಿದೆ ಅಂತ. ಕೆಳಗೆ ಸಹಿ ನಡುಗಿದೆ, ಅದರ ಪಕ್ಕ ಪೆನ್ನಲ್ಲಿ ಒಂದು ಸಾಲು, ಕೈ ಮೊದಲಿನ ಹಾಗಿಲ್ಲ ಕ್ಷಮಿಸಿ ಅಂತ.

ನನ್ನ ಹತ್ರ ಇರೋದರಲ್ಲಿ ನಾನು ಅತೀ ಹೆಚ್ಚು ಸಲ ತೆಗೆದು ನೋಡಿರೋದು ಮಾತ್ರ ಬೇರೆ. 1820ರ ದಶಕದ್ದು, ಒಬ್ಬ ಕ್ಯಾಪ್ಟನ್, ಆಮೇಲೆ ಅಡ್ಮಿರಲ್ ಆದ, ಹೆಸರು ಹೇಳಿದ್ರೂ ಯಾರಿಗೂ ಗೊತ್ತಾಗಲ್ಲ. ಹಡಗುಕಟ್ಟೆಯ ಅಧಿಕಾರಿಗೆ ಸ್ವಂತ ಕೈಯಲ್ಲಿ ಬರೆದಿದ್ದು, ಆರು ಸಾಲು, ಗರಿ ಪೆನ್ನಿನ ಅವಸರದ ಬರಹ. ದಯವಿಟ್ಟು ಎರಡು ಹೊಸ "ಬೋಟ್ಸ್" ಕಳಿಸಿ, ಈಗಿರೋವು ಎರಡೂ ನೀರು ಸೋರ್ತಾ ಇವೆ, ತಳ ರಿಪೇರಿಗೂ ಬರೋ ಹಾಗಿಲ್ಲ ಅಂತ. ಸಮಸ್ಯೆ ಏನಂದ್ರೆ ಆ ಪದದ ಮಧ್ಯದ ಅಕ್ಷರ "ಎ" ಅಲ್ಲ "ಓ" ಇದ್ದ ಹಾಗಿದೆ, ಆಗ ಅದು "ಬೂಟ್ಸ್" ಆಗುತ್ತೆ. ಎರಡು ದೋಣಿ ಕೇಳ್ತಿದ್ದಾನೋ, ಎರಡು ಕಾಲಿಗೆ ಬೂಟು ಕೇಳ್ತಿದ್ದಾನೋ? ದೋಣಿನೂ ಸೋರುತ್ತೆ, ಬೂಟೂ ಸೋರುತ್ತೆ, ಎರಡಕ್ಕೂ ತಳ ಇದೆ. ಅವನ ಬೇರೆ "ಎ"ಗಳನ್ನೆಲ್ಲ ದೊಡ್ಡದು ಮಾಡಿ ಪ್ರಿಂಟ್ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿದೆ, ಅರ್ಧದಷ್ಟು ಹೀಗೆ ಅರ್ಧದಷ್ಟು ಹಾಗೆ. ಹಡಗುಕಟ್ಟೆ ಅಧಿಕಾರಿ ಬೂಟು ಯಾಕೆ ಕೊಡ್ತಾನೆ, ದೋಣಿನೇ ಇರಬೇಕು ಅಂತ ಬುದ್ಧಿ ಹೇಳುತ್ತೆ, ಆದ್ರೆ ಕಣ್ಣು ಒಪ್ತಾ ಇಲ್ಲ. ಆಗಿನ ಆಫೀಸುಗಳಲ್ಲಿ ಬಂದ ಕಾಗದ ಮಡಚಿ ಹಿಂದೆ ಗುಮಾಸ್ತ ತಾರೀಕು ಮತ್ತೆ ಸಾರಾಂಶ ಬರೀತಿದ್ದ, ಅಲ್ಲಾದ್ರೂ ಉತ್ತರ ಸಿಗುತ್ತೆ ಅಂತ ಆಸೆಯಿಂದ ತಿರುಗಿಸಿ ನೋಡಿದ್ರೆ ಬಹಳ ಸ್ಪಷ್ಟವಾದ ದುಂಡು ಅಕ್ಷರದಲ್ಲಿ ಇರೋದಿಷ್ಟೇ, "ಬಂದಿದೆ. ಕೊಡಲಾಗುವುದಿಲ್ಲ."